ಅಟ್ಟದ ಮೇಲಿನ ಮಿಲಿಟರಿ ರೈಫಲಿಗೆ ಬೆಲೆ ಕಟ್ಟುವುದು ಹೇಗೆ?

ಉಡುಪಿ, ಕಾರ್ಕಳ, ಬೆಳ್ತಂಗಡಿ ಕಡೆಯ ಹಳೆಯ ಮನೆಗಳಲ್ಲಿ ಪಾಲಿನ ಮಾತುಕತೆ ಶುರುವಾದಾಗ ಅಟ್ಟದಿಂದಲೋ ಪತ್ತಾಯದ ಹಿಂದಿನಿಂದಲೋ ಒಂದು ಕೋವಿ ಹೊರಬರುವುದುಂಟು. ಹೆಚ್ಚಿನವು ಹಂದಿ, ಮಂಗ ಓಡಿಸಲು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ತೋಟದ ಕೋವಿಗಳು. ಅಪರೂಪಕ್ಕೊಮ್ಮೆ ಅವುಗಳ ನಡುವೆ ಬೇರೆ ಜಾತಿಯದೊಂದು ಕಾಣಿಸುತ್ತದೆ: ಮೂತಿಯ ತನಕ ಮರದ ಹೊದಿಕೆ, ಬಲಗಡೆಗೆ ಬಾಗಿದ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಕೀಲು) ಹಿಡಿ, ಹೊಟ್ಟೆಯಡಿ ಪೆಟ್ಟಿಗೆಯಂಥ ಮ್ಯಾಗಜಿನ್, ಲೋಹದ ಮೇಲೆ ಕಿರೀಟದ ಮುದ್ರೆ. ಕೂಡಲೇ ಯಾರಾದರೊಬ್ಬರು ಹೇಳುತ್ತಾರೆ, ‘ಇದು ಮಿಲಿಟರಿಯದ್ದು, ನೂರು ವರ್ಷದ್ದು, ಲಕ್ಷಗಟ್ಟಲೆ ಬಾಳುತ್ತದೆ.’

ಇದೇ ಪ್ರಶ್ನೆ ಸಮುದ್ರದಾಚೆಯಿಂದಲೂ ಬರುತ್ತದೆ. ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿದ ನೆಂಟರು ಅಲ್ಲಿನ ಕಾನೂನಿನಂತೆ ಬ್ರಿಟಿಷ್ ಸೇನೆಯ ಹಳೆಯದೊಂದು ಲೀ-ಎನ್‌ಫೀಲ್ಡ್ ರೈಫಲು ಕೊಳ್ಳಲು ಹೊರಟು ವಾಟ್ಸ್ಯಾಪಿನಲ್ಲಿ ಚಿತ್ರ ಕಳಿಸುತ್ತಾರೆ. ‘ಇದರಲ್ಲಿ ಇಷಾಪುರ ಅಂತ ಬರೆದಿದೆ, ನಮ್ಮ ದೇಶದ್ದೇ, ಕೇಳಿದ ಬೆಲೆ ಸರಿಯೇ?’

ಎರಡೂ ಕಡೆ ರೈಫಲನ್ನು ಓದುವ ಕ್ರಮ ಒಂದೇ. ಬರುವ ಉತ್ತರ ಮಾತ್ರ ಬೇರೆ. ವಯಸ್ಸು ಎಂಬುದು ಈ ಲೆಕ್ಕದಲ್ಲಿ ಬಹಳ ಕೆಳಗೆ ಬರುವ ಸಂಗತಿ. ಇದು ನಿಖರವಾಗಿ ಯಾವ ರೈಫಲು, ಕಾರ್ಖಾನೆಯಿಂದ ಬಂದ ಭಾಗಗಳು ಎಷ್ಟು ಉಳಿದಿವೆ, ಹಿಂದೆ ಬಂದವರು ಅದಕ್ಕೆ ಏನೇನು ಮಾಡಿದ್ದಾರೆ, ಇಟ್ಟುಕೊಳ್ಳಲು ಕಾಗದ ಇದೆಯೇ ಎಂಬ ಪ್ರಶ್ನೆಗಳಿಂದ ಬೆಲೆ ಹುಟ್ಟುತ್ತದೆ. ನಮ್ಮಲ್ಲಿ ಕೊನೆಯದನ್ನೇ ಮೊದಲು ಕೇಳಬೇಕು. ಅದಕ್ಕೂ ಮೊದಲು ಒಂದು ಎಚ್ಚರಿಕೆ ಇದೆ.

ಕೋವಿ ಖಾಲಿ ಎಂದು ಯಾರು ಹೇಳಿದರೂ ನಂಬಬಾರದು. ಬೋಲ್ಟ್ ರೈಫಲಾದರೆ ಬಲ್ಲವರೊಬ್ಬರು ಬೋಲ್ಟ್ ಎಳೆದು, ಮ್ಯಾಗಜಿನ್ ತೆಗೆದು, ನಳಿಗೆಯ ಹಿಂಬದಿಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಮೂತಿಯಿಂದ ಮದ್ದು ತುಂಬುವ ಹಳೆಯ ಕೋವಿಯಲ್ಲಿ ಅಪಾಯ ಇನ್ನೂ ಹೆಚ್ಚು. ಯಾವ ಕಾಲದಲ್ಲೋ ತುಂಬಿಟ್ಟ ಮದ್ದು, ಚರೆ ಒಳಗೇ ಉಳಿದಿರುತ್ತವೆ, ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ಅಂಥ ಕೋವಿಯಲ್ಲಿ ಒಂದು ಕಡ್ಡಿಯನ್ನು ಮೂತಿಯಿಂದ ತಳದ ತನಕ ಇಳಿಸಿ, ಅದೇ ಅಳತೆಯನ್ನು ನಳಿಗೆಯ ಹೊರಗೆ ಹಿಡಿದು ನೋಡುವುದು ರೂಢಿ. ಕಿಡಿ ತಗಲುವ ತೂತಿನ ತನಕ ಕಡ್ಡಿ ಹೋಗದಿದ್ದರೆ ಒಳಗೆ ಏನೋ ಇದೆ ಎಂದೇ ಅರ್ಥ. ಹೀಗೆ ಅಳೆಯುವಾಗ ಮೂತಿಯ ಎದುರು ಮುಖವನ್ನಾಗಲಿ ಕೈಯನ್ನಾಗಲಿ ತರಬಾರದು. ಸಂಶಯ ಬಂದರೆ ಅಲ್ಲಿಗೇ ಬಿಟ್ಟು ಪರವಾನಗಿ ಇರುವ ಕೋವಿ ವ್ಯಾಪಾರಿಯನ್ನು ಕರೆಸಬೇಕು.

ಕಾಗದ ಇಲ್ಲದ ಕೋವಿಗೆ ಬೆಲೆ ಇಲ್ಲ

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿಯ ನಿಯಮಗಳು ಕೋವಿಗಳನ್ನು ನಿಷೇಧಿತ ಮತ್ತು ನಿಷೇಧಿತವಲ್ಲದ್ದು ಎಂದು ವಿಂಗಡಿಸುತ್ತವೆ. .303 ಇಂಚು ಅಥವಾ 7.62 ಮಿ.ಮೀ. ಬೋರಿನ, ಅಂದರೆ ನಳಿಗೆಯ ಒಳವ್ಯಾಸದ, ಬೋಲ್ಟ್ ರೈಫಲುಗಳೂ ಆ ಸೇನಾ ತೋಟಾ ಹಿಡಿಸುವ ಬೇರೆ ಯಾವುದೇ ರೈಫಲುಗಳೂ ನಿಷೇಧಿತ ವರ್ಗಕ್ಕೆ ಸೇರುತ್ತವೆ. ನಮ್ಮ ದೇಶದಲ್ಲಿ ಕಾಣಸಿಗುವ ನಿಜವಾದ ಮಿಲಿಟರಿ ರೈಫಲುಗಳಲ್ಲಿ ಹೆಚ್ಚಿನವು ಈ ಎರಡು ಬೋರಿನವೇ. ಅಂಥದ್ದನ್ನು ಪರವಾನಗಿ ಇಲ್ಲದೆ ಮನೆಯಲ್ಲಿಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷದಿಂದ 14 ವರ್ಷದ ತನಕ ಸೆರೆವಾಸ ಆಗಬಹುದು. ಅಜ್ಜನ ನೆನಪಿಗೆ ಇಟ್ಟುಕೊಂಡೆವು ಎಂಬ ಕಾರಣಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ.

ಬಹಳ ಜನರನ್ನು ದಾರಿ ತಪ್ಪಿಸುವ ಇನ್ನೊಂದು ಕೋವಿ ಇದೆ, .410 ಮಸ್ಕೆಟ್. ಬ್ರಿಟಿಷರ ಕಾಲದಲ್ಲಿ ಬಂಗಾಳದ ಇಷಾಪುರ ರೈಫಲು ಕಾರ್ಖಾನೆಯವರು .303 ರೈಫಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿಗೀರುಗಳನ್ನು ಕೊರೆದು ನುಣುಪು ಮಾಡಿ, ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ತುಂಬಿಸಿ, ಒಂದೊಂದೇ ಈಡು ಹಾಕುವ ಕೋವಿಯನ್ನಾಗಿ ಪೊಲೀಸರಿಗೂ ಕಾವಲಿನವರಿಗೂ ಕೊಟ್ಟರು. ಹೊರಗಿನಿಂದ ಅದು ಅಚ್ಚು ಮಿಲಿಟರಿ ರೈಫಲು, ಒಳಗೆ ನುಣುಪು ನಳಿಗೆ. ‘ಗೀರಿಲ್ಲ, ಹಾಗಾಗಿ ಇದು ಸಾದಾ ಕೋವಿ’ ಎಂದು ಹೇಳುವವರಿದ್ದಾರೆ. ನಿಯಮಗಳು .410 ಮಸ್ಕೆಟನ್ನು ಹೆಸರು ಹಿಡಿದೇ ನಿಷೇಧಿತ ಪಟ್ಟಿಯಲ್ಲಿಟ್ಟಿವೆ.

ಇನ್ನು .315 ರೈಫಲು. ಸೇನೆಯ ತೋಟಾ ಹೊರಗೆ ಸೋರಿ ಜನರ ಕೈಯ ಕೋವಿಗೆ ಆಹಾರವಾಗಬಾರದೆಂದು ಬ್ರಿಟಿಷ್ ಸರಕಾರ ಸಾರ್ವಜನಿಕರಿಗೆ .303 ಸಿಗದಂತೆ ಮಾಡಿತ್ತು. ಅದರ ಬದಲು ಹಳೆಯ ಆಸ್ಟ್ರಿಯನ್ ಮಾನ್‌ಲಿಕರ್ ತೋಟಾದ 8 ಮಿ.ಮೀ. ಅಳತೆಯನ್ನು ಹಿಡಿದು, ಅದೇ ಲೀ-ಎನ್‌ಫೀಲ್ಡ್ ಮೈಯ ಮೇಲೆ ಬೇಟೆಯ ರೈಫಲುಗಳು ತಯಾರಾದವು. ಇಂಗ್ಲೆಂಡಿನ ಬಿ.ಎಸ್.ಎ. ಕಂಪನಿ ಮಾಡಿತು, ಸ್ವಾತಂತ್ರ್ಯದ ನಂತರ ನಮ್ಮ ಆರ್ಡ್ನೆನ್ಸ್ ಕಾರ್ಖಾನೆಯೂ ಮಾಡಿತು. ಇದು ನಿಷೇಧಿತವಲ್ಲ. ಬೋಲ್ಟ್ ನೋಡಿ ಮಿಲಿಟರಿಯದ್ದೇ ಎಂದು ಹೆದರುವವರೂ ಹಿಗ್ಗುವವರೂ ನಳಿಗೆಯ ಮೇಲಿನ ಬೋರಿನ ಅಂಕಿಯನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು. ಅದೊಂದು ಅಂಕಿಯ ಮೇಲೆ ಉಳಿದದ್ದೆಲ್ಲ ನಿಂತಿದೆ.

‘ಆ್ಯಂಟಿಕ್ ಆದರೆ ಪರವಾನಗಿ ಬೇಡವಂತೆ’ ಎಂಬ ಮಾತು ನಮ್ಮೂರಲ್ಲಿ ಬಹಳ ಓಡಾಡುತ್ತದೆ. ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಇರುವುದು ನಿಜ. ಅದಕ್ಕೊಂದು ಷರತ್ತಿದೆ: ದುರಸ್ತಿ ಮಾಡಿಯೂ, ಮಾಡದೆಯೂ ಅದನ್ನು ಬಂದೂಕಾಗಿ ಬಳಸಲು ಆಗದಂತಿರಬೇಕು. 1917ರ .303 ರೈಫಲಿಗೆ ಬೋಲ್ಟ್ ಕಾಣೆಯಾಗಿದ್ದರೂ ಬೇರೆ ಬೋಲ್ಟ್ ಹಾಕಿದರೆ ಅದರಿಂದ ಗುಂಡು ಹಾರುತ್ತದೆ, ಹಾಗಾಗಿ ವಿನಾಯಿತಿ ಅದಕ್ಕೆ ತಾನಾಗಿ ಸಿಗುವುದಿಲ್ಲ. ಇನ್ನೊಂದೆಡೆ, ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯವಾಗಬಹುದು. ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ಕಂಡ ಡಾಲರಿನ ಬೆಲೆಯನ್ನು ರೂಪಾಯಿಗೆ ಗುಣಿಸುವುದರಿಂದ ಏನೂ ಸಿಗುವುದಿಲ್ಲ. ಆ ಕೊಳ್ಳುವವನಿಗೂ ನಿಮಗೂ ನಡುವೆ ದಾರಿಯೇ ಇಲ್ಲ.

ಪರವಾನಗಿದಾರರು ತೀರಿಕೊಂಡು ಕೋವಿ ಮನೆಯಲ್ಲೇ ಉಳಿದಿದ್ದರೆ 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. 2016ರ ನಿಯಮಗಳಲ್ಲಿ ಇದಕ್ಕೆ ಪ್ರತ್ಯೇಕ ಅವಕಾಶ ಇದೆ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿದ್ದಾಗಲೇ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ತೋಟದ ಮನೆಗಳ ಹಿರಿಯರು ಈ ಒಂದು ಅವಕಾಶವನ್ನು ಬಳಸಿಕೊಂಡರೆ ಮುಂದಿನವರ ಅರ್ಧ ತಲೆನೋವು ಕಳೆಯುತ್ತದೆ. ಈಗ ಒಬ್ಬರಿಗೆ ಎರಡೇ ಕೋವಿ ಎಂಬ ಮಿತಿ ಇದೆ, ವಂಶಪಾರಂಪರ್ಯವಾಗಿ ಬಂದದ್ದೂ ಅದರಲ್ಲೇ ಲೆಕ್ಕ. ಮೂರನೆಯದು ಎಷ್ಟೇ ಅಮೂಲ್ಯವಾದರೂ ಬಿಟ್ಟುಕೊಡಬೇಕಾದದ್ದೇ. ಹಾಗಾಗಿ ಯಾವ ಎರಡನ್ನು ಉಳಿಸಿಕೊಳ್ಳುವುದು ಎಂಬ ಪ್ರಶ್ನೆ ಬಂದಾಗಲೂ ಈ ಬೆಲೆ ಕಟ್ಟುವ ವಿದ್ಯೆ ಬೇಕಾಗುತ್ತದೆ.

ಮೈಮೇಲಿನ ಬರಹ

ಮಿಲಿಟರಿ ರೈಫಲಿನ ದೊಡ್ಡ ಅನುಕೂಲವೆಂದರೆ ಅದು ತನ್ನ ಜಾತಕವನ್ನು ಮೈಮೇಲೆಯೇ ಹೊತ್ತಿರುತ್ತದೆ. ಲೀ-ಎನ್‌ಫೀಲ್ಡನ್ನೇ ತೆಗೆದುಕೊಳ್ಳೋಣ, ಎನ್‌ಸಿಸಿಗೆ ಹೋದ ಎಷ್ಟೋ ಜನ ಮಂಗಳೂರು, ಉಡುಪಿಯ ಕಾಲೇಜು ಮೈದಾನಗಳಲ್ಲಿ ಹೆಗಲಿಗೇರಿಸಿ ಕವಾಯತು ಮಾಡಿದ್ದು ಇದನ್ನೇ. ಬೋಲ್ಟಿನ ಹಿಡಿ ಕೆಳಗೆ ಬಂದು ಕೂರುವ ಜಾಗದ ಹಿಂದೆ, ಹಿಂಬದಿಯ ಮರ ಸೇರುವಲ್ಲಿ, ಬಲಗಡೆಗೆ ಒಂದು ಲೋಹದ ಪಟ್ಟಿ ಇದೆ. ಅಲ್ಲಿ ಮೇಲಿನಿಂದ ಕೆಳಗೆ ಕಿರೀಟ, ರಾಜನ ಹೆಸರಿನ ಅಕ್ಷರ, ಕಾರ್ಖಾನೆ, ಇಸವಿ, ಮಾದರಿ ಎಲ್ಲವನ್ನೂ ಒತ್ತಿರುತ್ತಾರೆ.

ವಿ.ಆರ್. ಎಂದಿದ್ದರೆ ವಿಕ್ಟೋರಿಯಾ ರಾಣಿ, ಇ.ಆರ್. ಎಂದರೆ ಏಳನೇ ಎಡ್ವರ್ಡ್, ಜಿ.ಆರ್. ಎಂದರೆ ಜಾರ್ಜ್. ಇಷಾಪುರದಲ್ಲಿ ತಯಾರಾದದ್ದಾದರೆ ಕೊನೆಗೊಂದು ಐ. ಸೇರಿ ಜಿ.ಆರ್.ಐ. ಆಗಿರುತ್ತದೆ, ಭಾರತದ ಮಟ್ಟಿಗೆ ಅವನು ಚಕ್ರವರ್ತಿ ಎಂಬ ಲೆಕ್ಕ. ಗಣರಾಜ್ಯವಾದ ಮೇಲಿನ ರೈಫಲುಗಳಲ್ಲಿ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು, ಕಾರ್ಖಾನೆಯ ಹೆಸರು ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಷಾಪುರ) ಎಂದಾಯಿತು. ಇಂಗ್ಲೆಂಡಿನವಾದರೆ ಎನ್‌ಫೀಲ್ಡ್, ಬಿ.ಎಸ್.ಎ., ಎಲ್.ಎಸ್.ಎ. ಎಂಬ ಹೆಸರುಗಳು, ಆಸ್ಟ್ರೇಲಿಯಾದ್ದಾದರೆ ಲಿತ್‌ಗೋ.

ಮಾದರಿಯ ಜಾಗದಲ್ಲಿ ರೋಮನ್ ಮೂರು ಇದ್ದರೆ ಅದು 1907ರಲ್ಲಿ ಬಂದ ಮಾರ್ಕ್ 3. ಮೂರರ ಪಕ್ಕ ಒಂದು ನಕ್ಷತ್ರ ಇದ್ದರೆ ಅದು ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಬೇಗ ಬೇಗ ತಯಾರಿಸಲೆಂದು ಸರಳಗೊಳಿಸಿದ್ದು. ಮ್ಯಾಗಜಿನ್ ಮೇಲೆ ಅಡ್ಡ ಸರಿಸಿ ಒಳಗಿನ ಗುಂಡುಗಳನ್ನು ಕಾಯ್ದಿಡುತ್ತಿದ್ದ ತೆಳು ತಗಡನ್ನೂ, ಬಹು ದೂರದ ಗುಂಪಿಗೆ ಸಾಮೂಹಿಕವಾಗಿ ಗುರಿಯಿಡಲೆಂದು ಎಡಗಡೆ ಜೋಡಿಸಿದ್ದ ಹೆಚ್ಚುವರಿ ಗುರಿಪಟ್ಟಿಯನ್ನೂ ಆಗ ಬಿಟ್ಟುಬಿಟ್ಟರು. ನಕ್ಷತ್ರವಿಲ್ಲದ ರೈಫಲಿನಲ್ಲಿ ಈ ಎರಡೂ ಉಳಿದಿದ್ದರೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಯುದ್ಧದ ನಂತರದ ದುರಸ್ತಿಗಳಲ್ಲಿ ಇವನ್ನು ತೆಗೆದು ಬಿಸಾಡಿದ್ದೇ ಹೆಚ್ಚಾದ್ದರಿಂದ ಉಳಿದವು ಕಡಿಮೆ.

ಸಣ್ಣ ಗುರುತುಗಳು ಇನ್ನೂ ಹೆಚ್ಚು ಮಾತಾಡುತ್ತವೆ. ಅಗಲ ಬಾಣದ ಗುರುತು ಸರಕಾರದ ಸೊತ್ತು ಎಂಬುದಕ್ಕೆ. ಬಾಣದ ಕೆಳಗೆ ಐ. ಇದ್ದರೆ ಭಾರತ ಸರಕಾರದ್ದು. ಎರಡು ಬಾಣಗಳು ತುದಿಗೆ ತುದಿ ತಾಗಿಸಿ ನಿಂತಿದ್ದರೆ ಸೇನೆ ಅದನ್ನು ವಿಧಿವತ್ತಾಗಿ ಮಾರಿದೆ ಎಂದರ್ಥ. ಮುಂಭಾಗದ ಮರಕ್ಕೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿದ್ದರೆ ಅದು ಗ್ರೆನೇಡ್ ಹಾರಿಸಲು ಬಳಸಿದ್ದು. ಮರದಲ್ಲಿ ಮ್ಯಾಗಜಿನ್ನಿನ ಮುಂದೆ ಅಡ್ಡಲಾಗಿ ಒಂದು ತಿರುಪು ಹಾದುಹೋಗಿದ್ದರೆ ಅದು ಬಿರುಕು ತಡೆಯಲು ಇಷಾಪುರದವರು ಹಾಕುತ್ತಿದ್ದ ತಿರುಪು. ಯಾರೋ ಊರಿನ ಆಚಾರಿ ಮಾಡಿದ ರಿಪೇರಿ ಎಂದು ಅದನ್ನು ತೆಗೆಯಲು ಹೋಗಬಾರದು. ಡಿ.ಪಿ. ಎಂದಿದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಯೋಗ್ಯವಲ್ಲ ಎಂದು ಸೇನೆಯೇ ತಳ್ಳಿದ್ದು. ಎನ್‌ಸಿಸಿಯಲ್ಲಿ ಕಂಡ ರೈಫಲುಗಳಲ್ಲಿ ಈ ಗುರುತು ಇದ್ದದ್ದು ಬಹಳ ಜನರಿಗೆ ನೆನಪಿರಬಹುದು. ಡಿ.ಪಿ. ರೈಫಲಿಗೆ ಪ್ರದರ್ಶನದ ಬೆಲೆ ಬಿಟ್ಟರೆ ಬೇರೇನೂ ಇಲ್ಲ.

1962ರ ಚೀನಾ ಯುದ್ಧದ ನಂತರ ಇಷಾಪುರದಲ್ಲಿ ತಯಾರಾದ 2ಎ ಮತ್ತು 2ಎ1 ರೈಫಲುಗಳು ನೋಡಲು .303ರಂತೆಯೇ ಇದ್ದರೂ 7.62 ಮಿ.ಮೀ. ತೋಟಾಕ್ಕಾಗಿ ಮಾಡಿದವು. ಗಟ್ಟಿ ಉಕ್ಕು, ಚೌಕಟ್ಟಾದ ಮ್ಯಾಗಜಿನ್, 2ಎ1ರಲ್ಲಿ 800 ಮೀಟರಿನ ತನಕ ಮಾತ್ರ ಗುರುತು ಹಾಕಿದ ಗುರಿಪಟ್ಟಿ. ಕೆನಡಾದ ನೆಂಟರ ಕೈಗೆ ‘ಇಷಾಪುರದ ರೈಫಲು’ ಎಂದು ಸಿಗುವುದು ಹಲವು ಬಾರಿ ಇದೇ. ಒಳ್ಳೆಯ ರೈಫಲು, ಆದರೆ ಮಹಾಯುದ್ಧ ಕಂಡದ್ದಲ್ಲ. ಮಾರುವವನು ಯುದ್ಧದ ಕತೆ ಹೇಳಿ ಬೆಲೆ ಏರಿಸಿದರೆ ಆ ಚೌಕ ಮ್ಯಾಗಜಿನ್ ಕಡೆ ಬೆರಳು ತೋರಿಸಿದರೆ ಸಾಕು.

ಗುರುತುಗಳನ್ನು ಓದಲು ಬಂದರೆ ನಕಲಿಯೂ ಸಿಕ್ಕಿಬೀಳುತ್ತದೆ. ಖೈಬರ್ ಕಣಿವೆಯ ಕಡೆಯ ಕಮ್ಮಾರರು ಕೈಯಲ್ಲೇ ತಯಾರಿಸಿದ ಎನ್‌ಫೀಲ್ಡ್, ಮಾರ್ಟಿನಿ-ಹೆನ್ರಿ ಎಂಬ ಬ್ರಿಟಿಷ್ ರೈಫಲುಗಳ ನಕಲುಗಳು ಜಗತ್ತಿನ ಎಲ್ಲೆಡೆ ಹರಡಿವೆ. ಅವರ ಕೈಕೆಲಸಕ್ಕೆ ತಲೆಬಾಗಬೇಕು, ಆದರೆ ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಕ್ಷರ ತಲೆಕೆಳಗಾಗಿರುತ್ತದೆ, ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ವಿ.ಆರ್. ಕಿರೀಟದ ಕೆಳಗೆ 1919 ಎಂದು ಇಸವಿ ಇದ್ದರಂತೂ ಮುಂದೆ ನೋಡುವುದೇ ಬೇಡ. ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿಯಲ್ಲಿ. ಅಂಥ ಕೋವಿಯ ಉಕ್ಕಿನ ಗುಣಕ್ಕೆ ಯಾವ ಖಾತ್ರಿಯೂ ಇಲ್ಲ, ಅದರಲ್ಲಿ ಈಡು ಹಾರಿಸುವುದು ಪ್ರಾಣಾಪಾಯ.

ಒಂದೇ ಸಂಖ್ಯೆಯ ಮೈ, ಮುಟ್ಟದ ಮೈ

ಕಾರ್ಖಾನೆಯಿಂದ ಹೊರಡುವಾಗ ಮೈ, ನಳಿಗೆ, ಬೋಲ್ಟ್, ಮೂತಿಯ ಲೋಹದ ಮುಚ್ಚಳ, ಹಿಂದಿನ ಗುರಿಪಟ್ಟಿ, ಮುಂಭಾಗದ ಮರದ ಅಡಿ, ಎಲ್ಲದರ ಮೇಲೂ ಒಂದೇ ಕ್ರಮಸಂಖ್ಯೆ ಇರುತ್ತಿತ್ತು. ದಶಕಗಳ ಸೇವೆಯಲ್ಲಿ ಭಾಗಗಳು ಅದಲುಬದಲಾಗುತ್ತವೆ. ಎಲ್ಲ ಸಂಖ್ಯೆಗಳೂ ಹೊಂದುವ ರೈಫಲಿಗೂ ಬೇರೆ ಬೇರೆಯವುಗಳಿಂದ ಜೋಡಿಸಿದ ರೈಫಲಿಗೂ ಸಂಗ್ರಾಹಕರ ಮಾರುಕಟ್ಟೆಯಲ್ಲಿ ದೊಡ್ಡ ಅಂತರ ಇದೆ. ಅದರಲ್ಲೂ ಬೋಲ್ಟಿನ ಸಂಖ್ಯೆ ಮುಖ್ಯ, ಬೆಲೆಗೆ ಮಾತ್ರವಲ್ಲ, ಜೀವಕ್ಕೂ. ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾದ ತಳದ ಅಂಚು ತಾಗಿ ನಿಲ್ಲುವ ನಳಿಗೆಯ ಹಿಂಬದಿಗೂ ನಡುವಿನ ಜಾಗ ಇಂತಿಷ್ಟೇ ಇರಬೇಕೆಂಬ ಲೆಕ್ಕ ಇದೆ. .303ರಲ್ಲಿ ಸೇನೆ ಒಪ್ಪುತ್ತಿದ್ದ ಮಿತಿ 0.074 ಇಂಚು. ಬೇರೆ ರೈಫಲಿನ ಬೋಲ್ಟ್ ತಂದು ತುರುಕಿದರೆ ಈ ಲೆಕ್ಕ ತಪ್ಪಬಹುದು, ಹಿತ್ತಾಳೆಯ ತೋಟಾ ಹಿಗ್ಗಿ ಹರಿದು ಬಿಸಿ ಅನಿಲ ಮುಖದ ಕಡೆಗೇ ನುಗ್ಗಬಹುದು.

ಬೆಲೆ ಕಳೆಯುವ ಕೆಲಸಗಳಲ್ಲಿ ಮೊದಲನೆಯದು ಮರ ಕತ್ತರಿಸುವುದು. ಯುದ್ಧದ ನಂತರ ಜಗತ್ತಿನಾದ್ಯಂತ ಲಕ್ಷಾಂತರ ಮಿಲಿಟರಿ ರೈಫಲುಗಳ ಮುಂದಿನ ಮರ ಕೊಯ್ದು, ನಳಿಗೆ ಮೋಟು ಮಾಡಿ, ಹಗುರವಾದ ಬೇಟೆಯ ರೈಫಲು ಮಾಡಿದರು. ಆಗ ಅದು ಜಾಣತನದ ಕೆಲಸವಾಗಿತ್ತು, ರೈಫಲು ಅಷ್ಟು ಅಗ್ಗ. ಈಗ ಹಾಗೆ ಕೊಯ್ದದ್ದು ಕೊಯ್ಯದೆ ಉಳಿದದ್ದರ ಹತ್ತಿರಕ್ಕೂ ಬರುವುದಿಲ್ಲ.

ಎರಡನೆಯದು ಉಜ್ಜುವುದು. ನಮ್ಮವರಿಗೆ ಹಳೆಯ ವಸ್ತು ಕಂಡರೆ ಹೊಳೆಸಬೇಕೆಂಬ ಆಸೆ. ಮರಳು ಕಾಗದ ಹಿಡಿದು ಮರ ಉಜ್ಜಿ ವಾರ್ನಿಶ್ ಬಳಿಯುತ್ತಾರೆ, ಲೋಹವನ್ನು ಬೆಳ್ಳಿಯಂತೆ ಬಿಳುಚಿಸುತ್ತಾರೆ. ಹಳೆಯ ಕಂಚಿನ ವಿಗ್ರಹವನ್ನು ಹುಣಸೆಹುಳಿ ಹಾಕಿ ತಿಕ್ಕಿ ಕಣ್ಣು ಮೂಗು ಸವೆಸಿದ ಹಾಗೆ. ಮರದ ಮೇಲಿನ ದುಂಡು ಮುದ್ರೆಗಳು, ರೆಜಿಮೆಂಟಿನ ಗುರುತು, ಲೋಹದ ಮೇಲಿನ ತಪಾಸಣೆಯ ಪುಟ್ಟ ಕಿರೀಟಗಳು ಒಮ್ಮೆ ಅಳಿಸಿದರೆ ಯಾವ ದುಡ್ಡು ಕೊಟ್ಟರೂ ಮರಳುವುದಿಲ್ಲ. ಸೇನೆಯೇ ಬಳಿದ ಕರಿ ಬಣ್ಣ ಎಷ್ಟೇ ಒರಟಾಗಿ ಕಂಡರೂ ಅದು ಇತಿಹಾಸದ ಭಾಗ, ಅದನ್ನು ಕೆರೆಯಬಾರದು. ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಅಲ್ಲಿಗೆ ನಿಲ್ಲಿಸಬೇಕು.

ನಳಿಗೆಯ ಒಳಗೆ

ನಮ್ಮ ಕರಾವಳಿಯ ರೈಫಲುಗಳು ಸೋಲುವುದು ಇಲ್ಲಿ. ಬೋಲ್ಟ್ ಹೊರತೆಗೆದು, ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ .303ರ ಒಳ್ಳೆಯ ನಳಿಗೆಯಲ್ಲಿ ಸಾಮಾನ್ಯವಾಗಿ ಐದು ಸುರುಳಿಗೀರುಗಳು ಎಡಕ್ಕೆ ತಿರುಗುತ್ತಾ ಚೂಪಾಗಿ ಕಾಣುತ್ತವೆ. ಹತ್ತು ಇಂಚಿಗೆ ಒಂದು ಪೂರ್ತಿ ಸುತ್ತು. ಕೆಟ್ಟ ನಳಿಗೆಯಲ್ಲಿ ಗೀರಿನ ಅಂಚು ಮಾಸಿ, ಅಲ್ಲಲ್ಲಿ ಸಿಡುಬಿನ ಕಲೆಯಂಥ ಗುಳಿಗಳಿರುತ್ತವೆ.

ಇದಕ್ಕೆ ಮಳೆಯೊಂದನ್ನೇ ದೂರಿದರೆ ಸಾಲದು. ಹಳೆಯ ಸೇನಾ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕದಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಆಗಿ, ಅಡುಗೆ ಉಪ್ಪಿನ ಹತ್ತಿರದ ಬಂಧುವಾಗಿ, ನಳಿಗೆಯೊಳಗೆ ಕೂರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಉಕ್ಕನ್ನು ತಿನ್ನುತ್ತದೆ. ಒಣ ಹವೆಯ ಊರಿನಲ್ಲಿ ಇದಕ್ಕೆ ಸಮಯ ಹಿಡಿಯುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ, ಬೇಸಗೆಯಲ್ಲೂ ಬೆವರುವ ಉಡುಪಿಯಲ್ಲಿ ಒಂದು ಮಳೆಗಾಲ ಸಾಕು. ಇಲ್ಲಿ ಬಹಳ ಜನ ತಪ್ಪು ತಿಳಿದದ್ದೇನೆಂದರೆ ಎಣ್ಣೆ ಹಾಕಿಟ್ಟರೆ ಆಯಿತು ಎಂದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅದಕ್ಕಾಗಿಯೇ ಆ ಕಾಲದ ಸಿಪಾಯಿಗಳು ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಸುರಿದು, ಒಣಗಿಸಿ, ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಎಳೆದು, ಕೊನೆಗೆ ಎಣ್ಣೆ ಸವರುತ್ತಿದ್ದರು. ಹಗ್ಗವನ್ನು ಓರೆಯಾಗಿ ಎಳೆದೆಳೆದು ಮೂತಿಯ ಅಂಚು ಒಂದು ಕಡೆ ಸವೆದಿರುವುದೂ ಉಂಟು. ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ. ಗುರಿ ತಪ್ಪಲು ಅಷ್ಟು ಸವೆತ ಸಾಕು.

ಗುಳಿ ಬಿದ್ದ ನಳಿಗೆಗೆ ಮದ್ದಿಲ್ಲ. ಬೇರೆ ನಳಿಗೆ ಹಾಕಿದರೆ ಸಂಖ್ಯೆ ಹೊಂದುವುದಿಲ್ಲ. ಗೋಡೆಗೆ ತೂಗುವ ಸಂಗ್ರಾಹಕನಿಗೆ ಹೊರಮೈ ಮುಖ್ಯ, ಗುರಿ ಅಭ್ಯಾಸ ಮಾಡುವವನಿಗೆ ಒಳಮೈ ಮುಖ್ಯ. ಎರಡೂ ಚೆನ್ನಾಗಿರುವ ರೈಫಲು ಕರಾವಳಿಯಲ್ಲಿ ಸಿಕ್ಕರೆ ಅದನ್ನು ಕಾಪಾಡಿದ ಮನೆಯವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಠೇವಣಿ ಇಡುವಾಗಲೂ ಒಳಗೆ ಹೊರಗೆ ಎಣ್ಣೆ ಸವರಿ, ಸಂಖ್ಯೆಗಳ ಚಿತ್ರ ತೆಗೆದಿಟ್ಟುಕೊಂಡು, ರಶೀದಿಯಲ್ಲಿ ಆ ಸಂಖ್ಯೆ ಬರೆಸಿಕೊಳ್ಳುವುದು ಮರೆಯಬಾರದ ಕೆಲಸ.

ಎಷ್ಟು ಇವೆ, ಯಾರಿಗೆ ಬೇಕು

ಲೀ-ಎನ್‌ಫೀಲ್ಡ್ ಬಗೆಯ ರೈಫಲುಗಳು ಒಟ್ಟು ಸುಮಾರು 1.7 ಕೋಟಿ ತಯಾರಾಗಿವೆ ಎಂಬುದು ಸಾಮಾನ್ಯ ಅಂದಾಜು. ರಷ್ಯಾದ ಮೊಸಿನ್-ನಾಗಾಂತ್ ಸುಮಾರು 3.7 ಕೋಟಿ. ಹೀಗಿರುವಾಗ ಹಳೆಯದಾದದ್ದಕ್ಕೆ ಅಪರೂಪ ಎಂಬ ಪಟ್ಟ ಸಿಗುವುದು ಹೇಗೆ? ಬೆಲೆಯನ್ನು ಆಳುವುದು ಮಾರುಕಟ್ಟೆಗೆ ಎಷ್ಟು ಬರುತ್ತಿವೆ ಎಂಬುದು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಕೊಂದ ರೈಫಲು ಇಟಲಿ ಸೇನೆಯ ಹಳೆಯ ಕಾರ್ಕಾನೊ. ಹಂತಕ ಓಸ್ವಾಲ್ಡ್ ಅದನ್ನು ದೂರದರ್ಶಕ ಸಹಿತ 19.95 ಡಾಲರಿಗೆ, ಅಂಚೆ ಖರ್ಚು ಬೇರೆ, ಅಂಚೆಯಲ್ಲೇ ತರಿಸಿದ್ದ. ಅಷ್ಟು ಸಸ್ತಾ ಇತ್ತು ಸೇನೆಯ ಉಳಿಕೆ ಮಾಲು. 1968ರ ಕಾಯ್ದೆ ಅಲ್ಲಿ ಅಂಚೆ ಮಾರಾಟವನ್ನೂ ಹಳೆಯ ಮಿಲಿಟರಿ ಕೋವಿಗಳ ಆಮದನ್ನೂ ಬಿಗಿಮಾಡಿತು. ಆಮದು ಮಾಡಿದವರು ತಮ್ಮ ಗುರುತು ಒತ್ತಬೇಕಾಯಿತು. ಅದರಿಂದಾಗಿ ಆಮದಿನ ಗುರುತಿಲ್ಲದ ರೈಫಲಿಗೆ ಅಲ್ಲಿ ಈಗಲೂ ಒಂದು ಕೈ ಹೆಚ್ಚು ಬೆಲೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಮೊಸಿನ್‌ಗಳು ಪೆಟ್ಟಿಗೆಗಟ್ಟಲೆ ಬಂದು ನೀರಿನ ಬೆಲೆಗೆ ಹೋದವು, ಬರುವುದು ನಿಂತ ಮೇಲೆ ಏರಿದವು. ಅವೇ ರೈಫಲುಗಳು, ಅದೇ ಗುಣ.

ಭಾರತದಲ್ಲಿ ಲೆಕ್ಕ ಇನ್ನೊಂದು ರೀತಿ ತಿರುಗುತ್ತದೆ. 1980ರ ದಶಕದ ನಡುವಿನಲ್ಲಿ ಸಾರ್ವಜನಿಕರಿಗೆ ಕೋವಿ ಆಮದು ನಿಂತುಹೋಯಿತು. ಹಾಗಾಗಿ ಅದಕ್ಕೂ ಮೊದಲೇ ಬಂದ, ನಿಷೇಧಿತವಲ್ಲದ ಬೋರಿನ ವಿದೇಶಿ ಬೇಟೆ ರೈಫಲುಗಳಿಗೆ, ಇಂಗ್ಲೆಂಡಿನ ಜೋಡಿ ನಳಿಗೆಗಳಿಗೆ ಇಲ್ಲಿ ಅವುಗಳ ತವರಿನಲ್ಲಿ ಇಲ್ಲದಷ್ಟು ಬೇಡಿಕೆ. ಅದೇ ಹೊತ್ತಿಗೆ, ಜಗತ್ತಿನಲ್ಲಿ ಹೆಸರಾದ .303ಕ್ಕೆ ಇಲ್ಲಿ ಕಾನೂನಿನಂತೆ ಕೊಳ್ಳಬಲ್ಲವರು ಬೆರಳೆಣಿಕೆ. ನಿಷೇಧಿತ ಬೋರಿನ ಪರವಾನಗಿ ಇರುವವರಷ್ಟೇ ಗಿರಾಕಿಗಳು. ಅಟ್ಟದಲ್ಲಿ ಒಂದು ಅಪ್ಪಟ ಮಾರ್ಕ್ 3 ಮತ್ತು ಒಂದು ಒಳ್ಳೆಯ ಬಿ.ಎಸ್.ಎ. .315 ಎರಡೂ ಇದ್ದರೆ, ಇತಿಹಾಸದ ತೂಕ ಮೊದಲನೆಯದರಲ್ಲಿದ್ದರೂ, ಮಾರಾಟದ ಬೆಲೆ ಎರಡನೆಯದಕ್ಕೇ ಹೆಚ್ಚು. ಇದು ಕೇಳುವವರಿಗೆ ಬೇಸರ ತರುವ ಉತ್ತರ ಎಂದು ಗೊತ್ತು, ಆದರೂ ಮೊದಲೇ ಹೇಳಿಬಿಡುವುದು ಒಳಿತು.

ಮನೆಯ ಕತೆಗಳ ಬಗ್ಗೆಯೂ ಒಂದು ಮಾತು. ‘ಟಿಪ್ಪುವಿನ ಕಾಲದ್ದು’, ‘ಕಲ್ಯಾಣಪ್ಪನ ಕಾಟಕಾಯಿಯಲ್ಲಿ ಮಂಗಳೂರಿಗೆ ಹೊತ್ತೊಯ್ದದ್ದು’ ಎಂದು ಅಭಿಮಾನದಿಂದ ತೋರಿಸುವ ಕೋವಿಗಳಿವೆ. ಇಂಥ ಕತೆಗಳನ್ನು ಕೋವಿಯ ಕುದುರೆಯೇ, ಅಂದರೆ ಬಡಿದು ಮದ್ದಿಗೆ ಕಿಡಿ ಕೊಡುವ ಭಾಗವೇ, ಪರೀಕ್ಷಿಸಿಕೊಡುತ್ತದೆ. ಕೇಪು ಇಟ್ಟು ಹೊಡೆಯುವ ಕೋವಿಯ ಮೂಲ ಉಪಾಯಕ್ಕೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಸಿಕ್ಕಿದ್ದು 1807ರಲ್ಲಿ, ಟಿಪ್ಪು ಮಡಿದದ್ದು 1799ರ ಮೇ 4ರಂದು. ಕಲ್ಯಾಣಪ್ಪನ ಕಾಟಕಾಯಿ ಎಂದರೆ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧದ ದಂಗೆ; ಅದರಲ್ಲಿ ಸುಳ್ಯದ ಹೋರಾಟಗಾರರು ಮಂಗಳೂರಿನ ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿದ್ದು 1837ರ ಏಪ್ರಿಲಿನಲ್ಲಿ, ಆಗಿನ್ನೂ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ಕೇಪಿನ ಕೋವಿಗೆ ಆ ಕತೆ ಒಪ್ಪಬೇಕಾದರೆ ಕುದುರೆಯನ್ನು ಆಮೇಲೆ ಬದಲಿಸಿದ ಗುರುತು, ಮೊದಲಿನ ತಿರುಪುಗಳ ಮುಚ್ಚಿದ ತೂತು, ಮೈಮೇಲೆ ಎಲ್ಲಾದರೂ ಇರಬೇಕು. ಕುದುರೆಯ ತಗಡಿನ ಮೇಲೆ ‘ಟವರ್’ ಎಂದು ಬರೆದದ್ದೂ ಸಾಕ್ಷಿಯಲ್ಲ, ವ್ಯಾಪಾರಕ್ಕೆಂದು ಮಾಡಿದ ಕೋವಿಗಳ ಮೇಲೂ ನಕಲಿಗಳ ಮೇಲೂ ಆ ಪದ ಧಾರಾಳವಾಗಿ ಇದೆ. ಕಂಪನಿಯ ಎದ್ದು ನಿಂತ ಸಿಂಹದ ಮುದ್ರೆ ಇದ್ದರೆ ಮಾತ್ರ ಕಿವಿಗೊಟ್ಟು ಕೇಳಬಹುದು.

ಕಾಗದ ಜೊತೆಗಿದ್ದರೆ ಕತೆಗೂ ಬೆಲೆ ಬರುತ್ತದೆ. ಹಳೆಯ ಪರವಾನಗಿ ಪುಸ್ತಕ, ಖರೀದಿಯ ರಶೀದಿ, ಅಜ್ಜನ ಸೇನಾ ಬಿಡುಗಡೆ ಪತ್ರ, ಸಮವಸ್ತ್ರದಲ್ಲಿ ಆ ಕೋವಿಯನ್ನೇ ಹಿಡಿದು ನಿಂತ ಫೋಟೊ, ಇವನ್ನು ಗೆದ್ದಲಿಗೆ ಬಿಡದೆ ಕೋವಿಯ ಜೊತೆಗೇ ಕಾಪಾಡಬೇಕು. ರೈಫಲಿನ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಆಗಿದ್ದರೆ ಮನೆಯ ಮಾತು ದಾಖಲೆಯಾಗುತ್ತದೆ.

ಪರವಾನಗಿ ಸರಿಯಿದ್ದು ಮಾರಲು ನಿರ್ಧರಿಸಿದವರು ಮೊದಲು ಹಗಲು ಬೆಳಕಿನಲ್ಲಿ ಚಿತ್ರ ತೆಗೆಯಬೇಕು. ಎಡ, ಬಲ ಪೂರ್ತಿ ಮೈ, ಬಲಗಡೆಯ ಮುದ್ರೆಪಟ್ಟಿ, ಸಿಗುವ ಪ್ರತಿಯೊಂದು ಸಂಖ್ಯೆ, ಮರದ ಮೇಲಿನ ಗುರುತುಗಳು, ಮೂತಿ. ಪರವಾನಗಿ ಇರುವ ಒಬ್ಬರಿಗಿಂತ ಹೆಚ್ಚು ವ್ಯಾಪಾರಿಗಳಿಂದ ಬರಹದಲ್ಲಿ ಅಂದಾಜು ಕೇಳಬೇಕು. ಕೋವಿಯನ್ನು ಚೀಲದಲ್ಲಿ ಹಾಕಿಕೊಂಡು ಊರೂರು ತೋರಿಸುತ್ತ ತಿರುಗುವುದು ಬೇಡ, ಚಿತ್ರ ಸಾಕು. ಪರವಾನಗಿ ಇರುವ ಇನ್ನೊಬ್ಬ ವ್ಯಕ್ತಿಗೆ ನೇರವಾಗಿ ಮಾರುವುದಾದರೆ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕೆಂದು ಕಾಯ್ದೆಯ 5ನೇ ಕಲಮು ಹೇಳುತ್ತದೆ. ಕೊಳ್ಳುವವರ ಪರವಾನಗಿಯಲ್ಲಿ ಆ ಬಗೆಯ ಕೋವಿಗೆ ಅನುಮತಿ ಇದೆಯೇ ಎಂದು ಮೂಲ ಪ್ರತಿ ನೋಡಿಯೇ ಮುಂಗಡ ಮುಟ್ಟಬೇಕು. ಹಸ್ತಾಂತರವಾದ ದಿನವೇ ನಿಮ್ಮ ಪರವಾನಗಿಯಿಂದ ಆ ಸಂಖ್ಯೆ ಕಡಿಮೆಯಾಗುವಂತೆ ಅರ್ಜಿ ಕೊಟ್ಟು, ಸ್ವೀಕೃತಿ ತೆಗೆದಿಟ್ಟುಕೊಳ್ಳಬೇಕು.